ಮೇಡಂ ತಡೆದ ಜಾಹೀರಾತು

ದಾವಣಗೆರೆಯ ವಿನೋಬನಗರದಲ್ಲಿ ಸುದ್ದಿಯ ವೆಬ್‌ಸೈಟ್ ನಡೆಸುತ್ತಿದ್ದ ಮೇಡಂ ಬಳಿ ನಾನು ಕೆಲಕಾಲ ವರದಿಗಾರನಾಗಿದ್ದೆ. ಬೆಳಿಗ್ಗೆ ಬಂದವರೇ ಕನ್ನಡಕವನ್ನು ಹಣೆಗೇರಿಸಿ, ಫೋನನ್ನು ಮೂಗಿನ ಹತ್ತಿರ ಹಿಡಿದು, ನಮ್ಮ ಸುದ್ದಿಗಳ ನಡುವೆ ಬಂದ ಜಾಹೀರಾತುಗಳನ್ನು ನೋಡುತ್ತಿದ್ದರು. ಮೋಸದ್ದು ಕಂಡರೆ ಆ ಕಂಪನಿಯನ್ನೇ ಬ್ಲಾಕ್ ಮಾಡುತ್ತಿದ್ದರು.

"ಅವು ತಾವಾಗೇ ಬರ್ತಾವೆ ಮೇಡಂ, ನಾವು ಹಾಕಿದ್ದಲ್ಲ," ಎಂದರೆ, "ಓದೋರಿಗೆ ಅದು ಗೊತ್ತಿರಲ್ರಿ," ಎನ್ನುತ್ತಿದ್ದರು.

ಒಂದು ದಿನ ಮಲೆಬೆನ್ನೂರಿನಿಂದ ಹಿರಿಯ ಓದುಗರೊಬ್ಬರು ಫೋನ್ ಮಾಡಿ ಥ್ಯಾಂಕ್ಸ್ ಹೇಳಿದರು. ನಮ್ಮ ವೆಬ್‌ಸೈಟ್‌ನಲ್ಲಿ ನೋಡಿದ ಔಷಧಿ ಪುಡಿ ತರಿಸಿಕೊಂಡು, ಸಕ್ಕರೆ ಕಾಯಿಲೆಯ ಗುಳಿಗೆ ಬಿಟ್ಟಿದ್ದರಂತೆ. ಮೇಡಂ ನನ್ನನ್ನೂ ಕರೆದುಕೊಂಡು ಮುಂದಿನ ಬಸ್ಸಿಗೇ ಹೊರಟರು.

ಆ ಹಿರಿಯರ ಕಾಲಿನ ಹುಣ್ಣಿಗೆ ಬಟ್ಟೆ ಸುತ್ತಿತ್ತು. "ಯಜಮಾನ್ರೆ, ಅದು ನಾವು ಬರೆದಿದ್ದಲ್ಲ, ಜಾಹೀರಾತು," ಎಂದರು ಮೇಡಂ.

"ನಿಮ್ಮ ಸುದ್ದಿ ಕೆಳಗೇ ಇತ್ತಲ್ಲ ತಾಯಿ. ನೀವು ಸುಳ್ಳು ಹಾಕಲ್ಲ ಅಂತ ತರಿಸ್ದೆ."

ಮೇಡಂ ಆಟೊ ಕರೆಸಿ ತಾವೇ ಅವರನ್ನು ಆಸ್ಪತ್ರೆಗೆ ಕರೆದೊಯ್ದರು. ಕಾಲು ಉಳಿಯಿತು.

ಮರಳಿದ ಮೇಲೆ ಔಷಧಿಯ ಜಾಹೀರಾತುಗಳನ್ನೆಲ್ಲ ಒಟ್ಟಿಗೇ ಬ್ಲಾಕ್ ಮಾಡಿದರು. ಆಮೇಲೆ ಮುಖಪುಟದಲ್ಲಿ ಬರೆದರು: ಈ ಪುಡಿಯ ಜಾಹೀರಾತು ನಮ್ಮಲ್ಲಿ ಬಂದಿತ್ತು, ಅದನ್ನು ನಂಬಿ ಗುಳಿಗೆ ಬಿಟ್ಟವರು ದಯವಿಟ್ಟು ನನಗೆ ಫೋನ್ ಮಾಡಿ.

"ಹಿಂಗೆ ಬರೆದ್ರೆ ನಮ್ಮ ಹೆಸ್ರು ಕೆಡ್ತೈತೆ ಮೇಡಂ," ಎಂದೆ. ಅವರು ಕೆಳಗೆ ತಮ್ಮ ಸ್ವಂತ ನಂಬರ್ ಸೇರಿಸಿದರು.

ಸಂಜೆ ಹರಿಹರದಿಂದ ಮಹಿಳೆಯೊಬ್ಬರು ಫೋನ್ ಮಾಡಿ, "ನಮ್ಮತ್ತೇನೂ ಅದೇ ಪುಡಿ ತಗಂತಿದಾರ್ರಿ," ಎಂದರು. ವಿಳಾಸ ಕೇಳುತ್ತಲೇ ಮೇಡಂ ಚಪ್ಪಲಿ ಮೆಟ್ಟತೊಡಗಿದ್ದರು.