ಒಲೆ ಎಷ್ಟು ಎಂದು ಕೇಳಿದವಳು

ಕಲಬುರಗಿಯಲ್ಲೇ ಹುಟ್ಟಿ, ಕಲಬುರಗಿಯಲ್ಲೇ ಸಂಸಾರ ಮಾಡುತ್ತಿರುವ ನನಗೆ ಜೋಳದ ರೊಟ್ಟಿ ಬಡಿಯಲು ಬರುವುದಿಲ್ಲ. ಇದನ್ನು ಮೊದಲೇ ಒಪ್ಪಿಕೊಂಡುಬಿಡುವುದು ಒಳ್ಳೆಯದು, ಮುಂದೆ ಆದ ಫಜೀತಿಗೆ ಅದೇ ಮೂಲ. ಅತ್ತೆಯವರು ಮೊದಲ ವರ್ಷ ನನ್ನ ರೊಟ್ಟಿ ನೋಡಿ ನಕ್ಕರು, ಎರಡನೇ ವರ್ಷ ಗೊಣಗಿದರು, ಮೂರನೇ ವರ್ಷ ಸೂಪರ್ ಮಾರ್ಕೆಟ್ ಹತ್ತಿರದ ರೊಟ್ಟಿ ಅಂಗಡಿಯಿಂದ ತಂದುಬಿಡು ಎಂದು ತಾವೇ ಕೈಗೆ ಚೀಲ ಕೊಟ್ಟರು. ಲೆಕ್ಕ ಮಾತ್ರ ನನಗೆ ಚೆನ್ನಾಗಿ ಬರುತ್ತದೆ. ಐವಾನ್-ಎ-ಶಾಹಿ ಬಡಾವಣೆಯ ಮನೆಯಿಂದ ದಿನಾ ಬಸ್ಸು ಹಿಡಿದು ಕಮಲಾಪುರಕ್ಕೆ ಹೋಗುತ್ತೇನೆ, ಅಲ್ಲಿನ ಸರ್ಕಾರಿ ಶಾಲೆಯಲ್ಲಿ ಎಂಟನೇ ತರಗತಿಗೆ ಗಣಿತ ಕಲಿಸುತ್ತೇನೆ.

ಅನುಪಾತದ ಪಾಠ ಬಂತೆಂದರೆ ನನಗೆ ಹಬ್ಬ. ಪಠ್ಯಪುಸ್ತಕದ ಬಣ್ಣದ ಡಬ್ಬಿ, ರೈಲುಗಾಡಿಗಳನ್ನೆಲ್ಲ ಪಕ್ಕಕ್ಕಿಟ್ಟು ಊರಿನ ಲೆಕ್ಕಗಳನ್ನೇ ಕಟ್ಟುತ್ತೇನೆ. ಒಮ್ಮೆ ಒಂದು ಡಜನ್ ಬಾಳೆಹಣ್ಣಿಗೆ ಇಷ್ಟಾದರೆ ಐದು ಹಣ್ಣಿಗೆ ಎಷ್ಟು ಎಂದು ಕೇಳಿದೆ. ಯಾರೂ ಪೆನ್ನು ಎತ್ತಲಿಲ್ಲ. ಕೊನೆಗೆ ಹಿಂದಿನ ಬೆಂಚಿನಿಂದ ಒಬ್ಬಳು, ಕೆಂಪು ಬಾಳೆಯೋ ಬರೀ ಬಾಳೆಯೋ ಎಂದು ವಿಚಾರಿಸಿದಳು. ಕೆಂಪು ಬಾಳೆಗೆ ಹೆಸರಾದ ಊರು, ಅಲ್ಲಿ ಬರೀ ಬಾಳೆಹಣ್ಣು ಎಂದರೆ ಯಾರೂ ವ್ಯಾಪಾರ ಕುದುರಿಸುವುದಿಲ್ಲ. ನಾನು ನಕ್ಕು ತಿದ್ದಿಕೊಂಡೆ. ಆದರೆ ದಿನವೂ ಹಾಗೆ ನಗುವವಳಲ್ಲ ನಾನು. ನನಗೆ ಮೂಗಿನ ತುದಿಯಲ್ಲೇ ಸಿಟ್ಟು, ಅದರಲ್ಲೂ ಕೊನೆಯ ಪೀರಿಯಡ್ಡಿನಲ್ಲಿ.

ಆ ತರಗತಿಯಲ್ಲಿ ಕಿಟಕಿ ಪಕ್ಕ ಕೂರುವ ಹುಡುಗಿಯೊಬ್ಬಳಿದ್ದಳು. ಎರಡು ಬಿಗಿ ಜಡೆ, ದುಂಡಗಿನ ಅಕ್ಷರ. ನೋಟ್‌ಬುಕ್ಕಿನಲ್ಲಿ ಲೆಕ್ಕವೆಲ್ಲ ಸರಿ, ಬಾಯಿ ಮಾತ್ರ ಬಿಡುತ್ತಿರಲಿಲ್ಲ. ಜೂನ್‌ನಿಂದ ದೀಪಾವಳಿಯವರೆಗೆ ತರಗತಿಯಲ್ಲಿ ಅವಳ ದನಿಯನ್ನು ನಾನು ಒಮ್ಮೆಯೂ ಕೇಳಿರಲಿಲ್ಲ. ಹಾಜರಿ ಕೂಗಿದರೂ ಕೈ ಎತ್ತುತ್ತಿದ್ದಳು, ಅಷ್ಟೇ. ಗೊತ್ತಿದ್ದೂ ಹೇಳದ ಮಕ್ಕಳನ್ನು ನೋಡಿದರೆ ನನಗೆ ಸಂಕಟ. ನಾಳೆ ಹೈಸ್ಕೂಲಿನಲ್ಲಿ ಇವಳನ್ನು ಯಾರು ಗುರುತಿಸುತ್ತಾರೆ? ವರ್ಷ ಮುಗಿಯುವುದರೊಳಗೆ ಅವಳ ಬಾಯಿಂದ ಒಂದು ಉತ್ತರವನ್ನಾದರೂ ಹೊರಡಿಸಬೇಕು ಎಂದು ಮನಸ್ಸಿನಲ್ಲಿ ಹಟ ಹಿಡಿದಿದ್ದೆ. ಉತ್ತರ ಬಂತು. ಬಂದ ದಿನ ನಾನೇ ಅದನ್ನು ಹಾಳು ಮಾಡಿದೆ.

ಅವತ್ತು ವಿಲೋಮ ಅನುಪಾತ. ಮಂದಿ ಹೆಚ್ಚಾದಷ್ಟೂ ಕೆಲಸಕ್ಕೆ ಹೊತ್ತು ಕಡಿಮೆ ಎನ್ನುವ ಪಾಠ. ಬೋರ್ಡಿನ ಮೇಲೆ ಬರೆದೆ: ಮೂವರು ಹೆಂಗಸರು ಎರಡು ತಾಸಿನಲ್ಲಿ ನೂರ ಇಪ್ಪತ್ತು ರೊಟ್ಟಿ ಮಾಡುತ್ತಾರೆ, ಆರು ಹೆಂಗಸರು ಅಷ್ಟೇ ರೊಟ್ಟಿ ಮಾಡಲು ಎಷ್ಟು ತಾಸು ಬೇಕು? ಇಡೀ ತರಗತಿ ಒಂದೇ ಉಸಿರಿಗೆ ಒಂದು ತಾಸು ಎಂದಿತು. ನಾನು ಬೀಗುತ್ತ ಚಾಕ್‌ಪೀಸ್ ಕೆಳಗಿಡುವಷ್ಟರಲ್ಲಿ ಕಿಟಕಿಯ ಪಕ್ಕದಲ್ಲಿ ಅವಳು ಎದ್ದು ನಿಂತಿದ್ದಳು.

“ಎರಡ ತಾಸ ಬೇಕ್ರಿ,” ಎಂದಳು. ತೆಳ್ಳನೆಯ ದನಿ. ನಾನು ತಪ್ಪು ಎಂದೆ, ಇನ್ನೊಮ್ಮೆ ಯೋಚಿಸು ಎಂದೆ. ಅವಳು ಕೂರಲಿಲ್ಲ.

“ಒಲಿ ಎಷ್ಟ ಅದಾವ್ರಿ ಮೇಡಂ?”

ಐದು ತಿಂಗಳು ಕಾದಿದ್ದ ದನಿ ಅದು. ಆದರೆ ನನಗೆ ಆ ಕ್ಷಣ ಕಂಡದ್ದು ತಲೆಹರಟೆ. ಬಸ್ಸಿನ ಹೊತ್ತು ಬೇರೆ ಆಗುತ್ತಿತ್ತು. ಲೆಕ್ಕದಲ್ಲಿ ಒಲೆ ಎಲ್ಲಿದೆ, ಇದ್ದದ್ದನ್ನು ಓದು, ಇಲ್ಲದ್ದನ್ನು ಹುಟ್ಟಿಸಬೇಡ ಎಂದು ಗದರಿದೆ. ಅಷ್ಟಕ್ಕೇ ಸುಮ್ಮನಾಗಿದ್ದರೆ ಆಗುತ್ತಿತ್ತು. ರೊಟ್ಟಿ ಮಾಡುವುದನ್ನು ಎಂದಾದರೂ ನೋಡಿದ್ದೀಯಾ ಎಂದೂ ಕೇಳಿದೆ. ತರಗತಿ ಘೊಳ್ಳೆಂದು ನಕ್ಕಿತು. ಅವಳು ಕೂತಳು. ಆ ಪ್ರಶ್ನೆ ಎಷ್ಟು ದಡ್ಡತನದ್ದು ಎಂದು ಮರುದಿನ ಸಹೋದ್ಯೋಗಿಯೊಬ್ಬರು ಹೇಳುವವರೆಗೆ ನನಗೆ ತಿಳಿಯಲಿಲ್ಲ: ಅವಳ ತಾಯಿಗೆ ರೊಟ್ಟಿ ಬಡಿಯುವುದೇ ಉದ್ಯೋಗ, ಕಲಬುರಗಿಯ ಖಾನಾವಳಿಗಳಿಗೂ ಮದುವೆ ಮನೆಗಳಿಗೂ ಆಕೆಯ ರೊಟ್ಟಿ ಹೋಗುತ್ತಿತ್ತು.

ಅದಕ್ಕೂ ಮುಂಚೆ, ಅದೇ ಸಂಜೆ, ನನ್ನ ಕಣ್ಣು ಒಂದಿಷ್ಟು ತೆರೆದಿತ್ತು. ಎಂದಿನಂತೆ ಚೀಲ ಹಿಡಿದು ರೊಟ್ಟಿ ಅಂಗಡಿಗೆ ಹೋಗಿದ್ದೆ. ಒಳಗೆ ಒಂದು ಒಲೆ, ಮೇಲೊಂದು ದೊಡ್ಡ ಹಂಚು. ಇಬ್ಬರು ಬಡಿಯುತ್ತಿದ್ದರು, ಒಬ್ಬಳು ಬೇಯಿಸುತ್ತಿದ್ದಳು. ಇನ್ನೊಬ್ಬಳು ಕಾಲು ಚಾಚಿ ಕೂತಿದ್ದಳು. ಇಷ್ಟು ವರ್ಷ ನಾನು ಆ ಬಾಗಿಲಲ್ಲಿ ನಿಂತು ರೊಟ್ಟಿ ಎಣಿಸಿದ್ದೇ ಹೊರತು ಒಳಗೆ ಇಣುಕಿದ್ದೇ ಇಲ್ಲ. ಸುಮ್ಮನೆ ಎಂಬಂತೆ ಕೇಳಿದೆ, ಇನ್ನೂ ನಾಲ್ಕು ಮಂದಿ ಬಂದರೆ ಬೇಗ ಆಗುತ್ತದೆಯೇ ಎಂದು. ಬೇಯಿಸುತ್ತಿದ್ದಾಕೆ ತಲೆ ಎತ್ತಲೂ ಇಲ್ಲ.

“ಹಂಚ ಒಂದೇ ಅದಲ್ರಿ ಅಕ್ಕೋರ. ಮಂದಿ ಹೆಚ್ಚಾದ್ರ ಮಾತ ಹೆಚ್ಚಾಗ್ತಾವ, ರೊಟ್ಟಿ ಆಗಂಗಿಲ್ಲ.”

ರೊಟ್ಟಿ ತೆಗೆದುಕೊಂಡು ಆಟೋಗಳ ನಡುವೆ ದಾರಿ ಮಾಡಿಕೊಂಡು ಬರುತ್ತ ನನಗೆ ನಗುವೂ ಬಂತು, ನಾಚಿಕೆಯೂ ಆಯಿತು. ಮೂವರು ಇದ್ದರೇ ಹಂಚು ಖಾಲಿ ಇರುವುದಿಲ್ಲ. ಆರಾದರೆ ಮಿಕ್ಕ ಮೂವರು ಮಾಡುವುದೇನು? ಹುಡುಗಿ ಕೇಳಿದ್ದು ಪಕ್ಕಾ ಗಣಿತದ ಪ್ರಶ್ನೆ. ಹದಿನಾಲ್ಕು ವರ್ಷದಿಂದ ಈ ಲೆಕ್ಕ ಕೊಡುತ್ತಿದ್ದೇನೆ, ಹದಿನಾಲ್ಕು ವರ್ಷದಿಂದಲೂ ತಪ್ಪು ಉತ್ತರಕ್ಕೆ ಪೂರ್ತಿ ಅಂಕ ಹಾಕುತ್ತ ಬಂದಿದ್ದೇನೆ.

ಮರುದಿನ ತರಗತಿಗೆ ಹೋದವಳೇ ಎಲ್ಲರೆದುರು ಹೇಳಿದೆ: ನಿನ್ನೆ ತಪ್ಪಿದ್ದು ನಾನು, ಅವಳ ಉತ್ತರ ಸರಿ, ಹಾಗೆ ಗದರಬಾರದಿತ್ತು. ಮಕ್ಕಳಿಗೆ ಪರಮಾನಂದ. ಮೇಡಂ ತಪ್ಪಿದ ಸುದ್ದಿ ಊಟದ ಹೊತ್ತಿಗೆ ಆರನೇ ತರಗತಿಗೂ ಮುಟ್ಟಿತ್ತು. ಆದರೆ ಅವಳು ತಲೆ ತಗ್ಗಿಸಿಕೊಂಡೇ ಇದ್ದಳು. ಹೆಸರು ಹಿಡಿದು ಕರೆದರೆ ಎದ್ದು ನಿಲ್ಲುತ್ತಿದ್ದಳು, ತುಟಿ ಬಿಚ್ಚುತ್ತಿರಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರಲ್ಲ, ಕ್ಷಮೆ ಕೇಳಿದ ಮಾತ್ರಕ್ಕೆ ಮುತ್ತು ಕೂಡಿಕೊಳ್ಳಲಿಲ್ಲ. ನನಗೆ ನಿಜಕ್ಕೂ ದುಃಖವಾಯಿತು. ಮುಖ್ಯ ಗುರುಗಳು, ಕೆಲವು ಮಕ್ಕಳು ಹಾಗೇ ಇರ್ತಾರೆ ಬಿಡ್ರಿ ಎಂದು ಸಮಾಧಾನ ಹೇಳಿದರು. ಅದು ನನಗೆ ಸಮಾಧಾನವಾಗಲಿಲ್ಲ, ಸಿಟ್ಟು ತರಿಸಿತು.

ಒಂದು ಲಾಭವಂತೂ ಆಯಿತು. ನನ್ನ ಲೆಕ್ಕಗಳ ಮೇಲೇ ನನಗೆ ಗುಮಾನಿ ಶುರುವಾಯಿತು. ಒಂದು ಕೆಂಪು ಬಾಳೆ ಗಿಡ ಗೊನೆ ಕೊಡಲು ಒಂದೂವರೆ ವರ್ಷವಾದರೆ ಎರಡು ಗಿಡಕ್ಕೆ ಎಷ್ಟು ಎಂದು ಕೇಳಿದೆ. ಮೂರು ವರ್ಷ ಎಂದು ಅರ್ಧ ತರಗತಿ ಕೂಗಿತು. ತೋಟದ ಮನೆಗಳಿಂದ ಬರುವ ಮಕ್ಕಳು ಬೆಂಚು ಬಡಿದು ನಕ್ಕರು. ಗುಣಿಸುವುದನ್ನು ಎಲ್ಲರೂ ಕಲಿತಿದ್ದರು. ಯಾವಾಗ ಗುಣಿಸಬಾರದು ಎಂದು ನಾನು ಕಲಿಸಿರಲೇ ಇಲ್ಲ. ಅವಳೂ ಕೈ ಬಾಯಿಗೆ ಅಡ್ಡ ಹಿಡಿದು ನಕ್ಕದ್ದನ್ನು ನೋಡಿದೆ. ಸ್ವಲ್ಪ ಧೈರ್ಯ ಬಂತು.

ಆ ವಾರ ಒಂದು ಉಪಾಯ ಹೂಡಿದೆ. ಪ್ರತಿಯೊಬ್ಬರೂ ತಮ್ಮ ಮನೆಯ ಕೆಲಸದಿಂದ ಒಂದು ಲೆಕ್ಕ ತರಬೇಕು. ಬೋರ್ಡಿನ ಮೇಲೆ ಬಿಡಿಸುವವಳು ನಾನು. ಲೆಕ್ಕ ತಂದವರು ನನ್ನ ಪಕ್ಕ ನಿಂತು ಸರಿ ತಪ್ಪು ಹೇಳಿ ಅಂಕ ಹಾಕಬೇಕು. ಮೂರು ದಿನ ಮಕ್ಕಳು ನನ್ನ ಬೆವರನ್ನು ಚೆನ್ನಾಗಿ ಇಳಿಸಿದರು. ಗೌಂಡಿಯ ಮಗನೊಬ್ಬ ಒಂದು ಬುಟ್ಟಿ ಸಿಮೆಂಟಿಗೆ ನಾಲ್ಕು ಬುಟ್ಟಿ ಉಸುಕು ಹಾಕಿ ಕಲಸಿದರೆ ಒಟ್ಟು ಎಷ್ಟು ಬುಟ್ಟಿ ಗಾರೆ ಎಂದ. ನಾನು ಐದು ಎಂದೆ. ಒಣ ಸಿಮೆಂಟು ಉಸುಕಿನ ಸಂದಿಗೆ ಇಳಿದುಹೋಗುತ್ತದೆ, ಐದು ತುಂಬುವುದಿಲ್ಲ ಎಂದು ಸೊನ್ನೆ ಹಾಕಿದ.

ಶನಿವಾರ ಅವಳ ಸರದಿ. ಬರುವಳೋ ಇಲ್ಲವೋ ಎಂದು ಕಿಟಕಿಯ ಕಡೆಗೇ ನೋಡುತ್ತಿದ್ದೆ. ಎದ್ದು ಬಂದಳು, ಮಾತಿಲ್ಲದೆ ಬೋರ್ಡಿನ ಮೇಲೆ ದುಂಡಗೆ ಬರೆದಳು: ಒಬ್ಬ ತಾಯಿ ಒಂದು ತಾಸಿಗೆ ನಲವತ್ತು ರೊಟ್ಟಿ ಮಾಡುತ್ತಾಳೆ, ನಾಲ್ಕು ತಾಸಿಗೆ ಎಷ್ಟು?

ಈ ಸಲ ನಾನು ಎಚ್ಚರದಿಂದಿದ್ದೆ. ಒಲೆ ಎಷ್ಟು ಎಂದು ಕೇಳಿದೆ. ಒಂದು ಬೆರಳು ತೋರಿಸಿದಳು. ಹಂಚು? ಒಂದೇ ಬೆರಳು. ಹಿಟ್ಟು, ಕಟ್ಟಿಗೆ ಸಾಕಷ್ಟಿದೆಯೇ? ಹೌದೆಂದು ತಲೆ ಆಡಿಸಿದಳು. ಬೇರೆ ಯಾರಾದರೂ ನಡುವೆ ಬಂದು ಮಾತಿಗೆ ಕೂರುತ್ತಾರೆಯೇ? ಮಕ್ಕಳೆಲ್ಲ ನಕ್ಕರು, ಅವಳು ಇಲ್ಲವೆಂದು ತಲೆ ಅಲ್ಲಾಡಿಸಿದಳು. ಇನ್ನೇನು ಉಳಿಯಿತು ಎಂದು ನಾನು ಗೆದ್ದವಳಂತೆ ನಲವತ್ತನ್ನು ನಾಲ್ಕರಿಂದ ಗುಣಿಸಿ ನೂರ ಅರವತ್ತು ಎಂದು ಬರೆದು ಅಡಿಗೆರೆ ಎಳೆದೆ.

ಅವಳು ಚಾಕ್‌ಪೀಸ್ ತೆಗೆದುಕೊಂಡು ಅದರ ಮೇಲೆ ಅಡ್ಡಗೀಟು ಹಾಕಿದಳು. ಏಕೆ ಎಂದು ಕೇಳಿದೆ. ಬೆರಳಿನಿಂದ ತೋರಿಸಲು ಬರುವ ಉತ್ತರವಾಗಿರಲಿಲ್ಲ ಅದು. ಬೆಂಚುಗಳ ಕಡೆ ತಿರುಗಿ, ಇಡೀ ತರಗತಿಗೆ ಕೇಳುವಂತೆ ಹೇಳಿದಳು.

“ಮೂರ ತಾಸ ಆದ ಮ್ಯಾಲ ಅವ್ವನ ಕೈ ನೋಯ್ತಾವ್ರಿ. ನೂರಾ ನಲವತ್ತರ ಮ್ಯಾಲ ಆಗಂಗಿಲ್ರಿ.”

ಯಾರೂ ನಗಲಿಲ್ಲ. ನೂರ ಅರವತ್ತನ್ನು ನಾನೇ ಒರೆಸಿದೆ. ಹಾಗಾದರೆ ನನಗೆ ಎಷ್ಟು ಅಂಕ ಎಂದು ಕೇಳಿದೆ. ಅವಳು ನನ್ನ ಮುಖವನ್ನೇ ನೋಡುತ್ತ ಯೋಚಿಸಿದಳು.

“ಹತ್ತಕ್ಕ ಐದ ಕೊಡ್ತೀನ್ರಿ. ನೀವು ಅವ್ವನ್ನ ನೋಡಿಲ್ಲಲ್ರಿ.”

ಮಿಕ್ಕ ಐದು ಅಂಕ ಗಳಿಸಲು ಏನು ಮಾಡಬೇಕು ಎಂದೆ. ಮನಿಗಿ ಬರ್ರಿ ಎಂದಳು. ಶನಿವಾರ ಅರ್ಧ ದಿನವೇ ಶಾಲೆ. ಗಂಟೆ ಬಾರಿಸಿದ ಮೇಲೆ ನಾನು ಬಸ್ಸಿನ ಕಡೆ ಹೋಗದೆ ಅವಳ ಜೊತೆ ಹೊರಟೆ. ಅವರ ಮನೆಗೆ ಹದಿನೈದು ನಿಮಿಷದ ದಾರಿ. ಹಳೆ ಜೋಳದ ಹಿಟ್ಟಿಗೆ ಎಷ್ಟು ನೀರು, ಹೊಸದಕ್ಕೆ ಎಷ್ಟು, ಯಾವ ಕಟ್ಟಿಗೆ ಉರಿ ನಿಲ್ಲುತ್ತದೆ, ಅವ್ವನ ಯಾವ ಕೈ ಮೊದಲು ಸೋಲುತ್ತದೆ ಎಂದು ಅವಳು ಹೇಳುತ್ತಲೇ ಹೋದಳು. ಮನೆ ಬಾಗಿಲು ಮುಟ್ಟುವವರೆಗೆ ನನಗೆ ಒಂದು ಮಾತು ಆಡಲೂ ಸಂದಿ ಸಿಗಲಿಲ್ಲ.