ಅವ್ವನ ಆರ್ಕಿಡ್‌ಗೆ ಎರೆಮಣ್ಣು

ನನ್ನ ಆರ್ಕಿಡ್‌ನ ಹೂವೆಲ್ಲ ಉದುರಿ ಹೊಸ ಬೇರು ಇಣುಕಿದೆ. ಕುಂಡ ಬದಲಿಸಲು ಇವತ್ತು ಕತ್ತರಿ ಪಕ್ಕಕ್ಕಿಟ್ಟುಕೊಂಡು ಇದ್ದಿಲು ತೊಳೆಯುತ್ತಿದ್ದೆ. ಆ ಹಸಿ ವಾಸನೆಗೆ ಹಳೆಯ ಸಿಟ್ಟು ನೆತ್ತಿಗೇರಿತು.

ಜಮಖಂಡಿಯ ನಮ್ಮ ಮನೆಯಲ್ಲಿ ಅವ್ವ ಬಚ್ಚಲೊಲೆಯ ಇದ್ದಿಲು, ಇಟ್ಟಿಗೆ ಚೂರು ತುಂಬಿದ ಬುಟ್ಟಿಯಲ್ಲಿ ಒಂದು ಆರ್ಕಿಡ್ ಬೆಳೆಸಿದ್ದಳು. ಅದು ಮೊದಲ ಸಲ ಹೂ ಬಿಟ್ಟಾಗ, ಬೀಗರು ಬರುತ್ತಾರೆಂದು ಅಪ್ಪ ಅದನ್ನು ತೂತಿಲ್ಲದ ಹಿತ್ತಾಳೆ ಕುಂಡದಲ್ಲಿ ಮಣ್ಣು ತುಂಬಿ ನೆಡಲು ಹೊರಟ.

"ಹೂ ಉದುರಿ ಹೊಸ ಬೇರು ಬರೂತನಕಾ ಮುಟ್ಟಬ್ಯಾಡ್ರಿ. ಅದಕ್ಕ ಮಣ್ಣು ಆಗಂಗಿಲ್ರಿ," ಎಂದಳು ಅವ್ವ.

"ನಮ್ಮ ಸಾವಳಗಿ ಹೊಲದ ಎರಿ ಮಣ್ಣಾಗ ಕಬ್ಬು ಆಳೆತ್ತರ ಬೆಳಿತೈತಿ, ಇದು ಬೆಳಿಯಂಗಿಲ್ಲೇನು? ನೀ ಸುಮ್ಮಿರು!"

ಗಾಳಿಯ ತೇವ ಹೀರುತ್ತ ಜೋತಾಡುತ್ತಿದ್ದ ದಪ್ಪ ಬಿಳಿ ಬೇರುಗಳು ಅಸಹ್ಯವೆಂದು ಅಪ್ಪ ಎಲ್ಲವನ್ನೂ ಕತ್ತರಿಸಿದ. ನೀರು ಬಸಿಯದ ಆ ಕಪ್ಪು ಎರೆಮಣ್ಣನ್ನು ಒತ್ತಿ ಒತ್ತಿ ತುಂಬಿದ. ತಿಂಗಳೊಳಗೆ ಗಿಡ ಕೊಳೆಯಿತು. "ಇಕಿ ನೀರು ಹಾಕಿ ಹಾಕಿ ಕೊಂದ್ಲು," ಎಂದು ಬಂದವರಿಗೆಲ್ಲ ನಗುತ್ತ ಹೇಳಿದ. ನಿಜ ಏನೆಂದು ಅವ್ವನನ್ನು ಯಾರೂ ಕೇಳಲಿಲ್ಲ.

ಇವತ್ತು ಅವ್ವನ ಜೊತೆ ನನ್ನ ಪಕ್ಕದಲ್ಲಿ ಬಂದು ಕುಳಿತ ಅಪ್ಪ ಮತ್ತೆ ಅದನ್ನೇ ಎತ್ತಿದ. "ನಿಮ್ಮವ್ವ ಕೊಂದ್ಲಲ್ಲ, ಅದ ಜಾತಿ ಗಿಡಾ ಏನಿದು?"

ನಾನು ಬಾಯಿ ತೆರೆಯುವ ಮೊದಲೇ ಅವ್ವ ಅವನ ಮುಂದಿದ್ದ ಕತ್ತರಿಯನ್ನು ಎತ್ತಿಕೊಂಡಳು.

"ಕೊಂದಾವ್ರು ನೀವ್ರೀ," ಎಂದಳು.