ಬೊಂಬಿಗೆ ತಮ್ಮ ಇದ್ದಿಲ್ಲ

ಕೊಪ್ಪಳದಾಗ ವಿಶ್ವವಿದ್ಯಾಲಯದವರು ನಮ್ಮಂಥ ನರ್ಸ್‌ಗಳಿಗೆ ಮೂರು ದಿನದ ತರಬೇತಿ ಇಟ್ಟಿದ್ರು. ನಿಂತ ಗುಂಡಿಗಿ ಹ್ಯಾಂಗ ಮತ್ತ ನಡಸಬೇಕು ಅನ್ನೋದು. ನೆಲದ ಮ್ಯಾಲ ಒಂದು ರಬ್ಬರ್ ಬೊಂಬಿ, ಅದರ ಮುಂದ ಮೊಣಕಾಲೂರಿ ನಾವು. ಸರಿಯಾಗಿ ಒತ್ತಿದ್ರ ಅದು ಟಕ್ ಅಂತಿತ್ತು.

"ಏನ್ರಿ ಸಿಸ್ಟರ್, ರೊಟ್ಟಿಹಿಟ್ಟು ನಾದಾಕ ಬಂದೀರೇನು? ಜೋರ್ ಒತ್ರಿ! ಮುರದ ಎಲುಬು ಕೂಡ್ತೈತಿ, ಸತ್ತಾಂವ ಬರಂಗಿಲ್ಲ," ಅಂತ ಕಲಿಸೋ ಡಾಕ್ಟರು ಬೈದ್ರು. ನನಗ ಮೊದಲ ಮೂಗಿನ ತುದಿಗೆ ಸಿಟ್ಟು. ಹಂಗ ಒತ್ತಿದೆ ನೋಡ್ರಿ, ಬೊಂಬಿ ಜಾರಿ ಗ್ವಾಡಿಗೆ ಹೋತು. ಎಲ್ಲಾರೂ ನಕ್ರು.

ವಾರ ಕಳದಿದ್ದಿಲ್ಲ. ಯಲಬುರ್ಗಾ ಕಡಿ ನಮ್ಮ ಸಣ್ಣ ದವಾಖಾನಿಗೆ ಮಧ್ಯಾಹ್ನ ಒಂದು ಟಂಟಂ ಬಂತು. ಮೆಕ್ಕಿಜೋಳದ ಚೀಲ ಎತ್ತಾಕ ಹೋದಾಂವ ಎದಿ ಹಿಡಕೊಂಡು ಬಿದ್ದಾನ ಅಂದ್ರು. ನಲವತ್ತರ ಆಸುಪಾಸು. ಇಳಸೂದ್ರಾಗ ಉಸಿರು ನಿಂತಿತ್ತು, ನಾಡಿ ಇದ್ದಿಲ್ಲ. ಹಿಂದ ಅವನ ತಮ್ಮ, ಗಟ್ಟಿ ಆಳು, "ಅಣ್ಣಾ, ಅಣ್ಣಾ" ಅಂತ ಒದರಾಕತ್ತಿದ್ದ.

ಮಂಚಕ್ಕ ಹಾಕಿ ಒತ್ತಾಕ ಶುರು ಮಾಡಿದೆ. ಡಾಕ್ಟರು ಇಂಜೆಕ್ಷನ್ ಏರಸಾಕತ್ತಿದ್ರು, ಇನ್ನೊಬ್ಬಾಕಿ ಸಿಸ್ಟರ್ ಬಾಯಿಗೆ ಉಸಿರಿನ ಚೀಲ ಹಿಡದಿದ್ಲು. ಸ್ವಲ್ಪ ಹೊತ್ತಿನಾಗ ನನ್ನ ಕೈಯಾಗ ಎಲುಬು ಲಟಕ್ ಅಂತು. ತಮ್ಮ ಕೇಳಿಸ್ಕೊಂಡ.

"ಏ! ನಮ್ಮಣ್ಣನ್ನ ಕೊಲ್ಲಾಕತ್ತಿ ಏನ?"

ತುರುಬು ಹಿಡದು ಜಗ್ಗಿದ. ಕಪಾಳಕ್ಕ ಬಾರಿಸಿದ. ಗ್ವಾಡಿಗೆ ಹೋಗಿ ಬಡದೆ, ತುಟಿ ಒಡದು ಬಾಯಿ ತುಂಬ ರಕ್ತ, ಬಲಗೈ ಮಣಿಕಟ್ಟು ಉಳುಕಿತು. "ಹಾಕ್ರಿ ಆಕಿಗೆ ಇನ್ನೊಂದು!" ಅಂತ ಬಾಗಲದಾಗಿಂದ ಯಾರೋ ಅಂದ. ನೋಡಾಕ ಊರ ಮಂದಿ, ಕೈ ಹಚ್ಚಾಕ ಒಬ್ಬಾಂವ ಇಲ್ಲ. ಮಂಚದ ಮ್ಯಾಲ ಆ ಎದಿ ಸುಮ್ಮನ ಬಿದ್ದಿತ್ತು. ಅದನ್ನ ನೋಡಿ ಮೈಯೆಲ್ಲಾ ಉರದು ಹೋತು. ಏಟು ತಿಂದದ್ದಕ್ಕಲ್ರಿ, ಬದುಕಿದ್ರ ಬದುಕೋ ಆ ಹೊತ್ತು ಇಂವ ಹಾಳ ಮಾಡಾಕತ್ತಾನಲ್ಲ ಅಂತ.

ಎದ್ದು ಎಡಗೈಲೆ ತಮ್ಮನ ಎದಿಗೆ ಗುದ್ದಿದೆ. ಕೊರಳಪಟ್ಟಿ ಹಿಡದು ಮಂಚಕ್ಕ ಎಳದೆ. ನನ್ನ ಬಲಗೈಲೆ ಒತ್ತಾಕ ಆಗತಿದ್ದಿಲ್ಲ; ಡಾಕ್ಟರ ಕೈಯಾಗ ಇಂಜೆಕ್ಷನ್, ಸಿಸ್ಟರ್ ಕೈಯಾಗ ಉಸಿರಿನ ಚೀಲ.

"ಹೊಡಿಯಾಕ ಕೈ ಐತಲ್ಲ, ಇಲ್ಲಿ ಹಾಕು! ಒತ್ತು! ಅಣ್ಣ ಬೇಕಂದ್ರ ನಾ ಸಾಕನ್ನೋತನಕ ಕೈ ತಗೀಬ್ಯಾಡ!"

ಏನನಿಸಿತೋ ಏನೋ, ಒತ್ತಿದ. ಅವನ ಅಂಗೈ ಮ್ಯಾಲ ನನ್ನ ಎಡಗೈ ಇಟ್ಟು ಜಾಗ ತೋರಿಸಿದೆ. ಮತ್ತೊಂದು ಎಲುಬು ಲಟಕ್ ಅಂತು, ಈ ಸಲ ಅವನ ಕೈಯಾಗ. ಮಾರಿ ಬಿಳಚಿತು.

"ಅಕ್ಕಾರ, ಮುರೀತ್ರಿ..."

"ಮುರೀಲಿ. ಒತ್ತು."

ಒತ್ತಿದ. ನನ್ನ ತುಟಿ ರಕ್ತ ಅವನ ತೋಳಿನ ಮ್ಯಾಲ ಬೀಳತಿತ್ತು, ಅವನ ಬೆವರು ಅಣ್ಣನ ಮ್ಯಾಲ. ಭಾಳ ಹೊತ್ತು. ಡಾಕ್ಟರು ಕಣ್ಣಿಗೆ ಬ್ಯಾಟರಿ ಬಿಟ್ಟು ನೋಡಿದ್ರು, ಗುಂಡಿಗಿ ಬಡಿತ ತೋರಸೋ ಯಂತ್ರದಾಗಿನ ಗೆರಿ ನೋಡಿದ್ರು, ನನ್ನ ಕಡಿ ನೋಡಿ ತಲಿ ಅಲ್ಲಾಡಿಸಿದ್ರು.

"ಸಾಕಪ್ಪಾ," ಅಂದೆ.

ನಿಲ್ಲಿಸಲಿಲ್ಲ. ಡಾಕ್ಟರು ಭುಜ ಹಿಡದ್ರ ಮೊಣಕೈಲೆ ತಿವದು ಕೆಡವಿದ. "ಇನ್ನೂ ಬಿಸಿ ಅದಾನ್ರಿ," ಅಂದ, ಒತ್ತಕೋತನ. ಎಲುಬು ಒಳಗ ಕರಕರ ಅಂತಿದ್ವು. ನನಗ ತಡಕೊಳ್ಳಾಕ ಆಗಲಿಲ್ಲ.

"ಸಾಕೋ ತಮ್ಮಾ. ಹೋಗ್ಯಾನ."

"ಇನ್ನೊಮ್ಮೆ ಸಾಕಂದ್ರ ಹೊಡೀತೀನಿ ನೋಡ್ರಿ ಅಕ್ಕಾರ!" ಗಳಗಳ ಅಳಾಕತ್ತಿದ್ದ.

ನಾ ಇನ್ನೊಮ್ಮೆ "ಸಾಕು" ಅಂದೆ. ನನಗ ಹೊಡಿಯಾಕ ಅಂವ ಅಣ್ಣನ ಎದಿ ಮ್ಯಾಲಿಂದ ಕೈ ಎತ್ತಿದ.